ಗಂಧ ಹಚ್ಚಿದ ಪೀಪಾಯಿ

ಪಂಪು ಬಂದ ದಿನ ಅದರ ಮರದ ಪೆಟ್ಟಿಗೆಯ ಮೊಳೆ ಕಿತ್ತವನು ನಾನು. ಒಳಗಿನ ಹುಲ್ಲು ಸರಿಸಿ ಅದನ್ನು ಮೊದಲು ಮುಟ್ಟಿದವನೂ ನಾನೇ. ಕೌಂಟರಿನ ಮೇಲೆ ನಿಲ್ಲಿಸುವ ಕರಿಮರದ ಉದ್ದನೆಯ ಹಿಡಿ, ಅದಕ್ಕೆ ಹಿತ್ತಾಳೆಯ ಕಟ್ಟು, ಕೆಳಗೊಂದು ಸಿಲಿಂಡರು, ಮುಂದಕ್ಕೆ ಬಾಗಿದ ಕೊಳವೆ. ನೋಡುವುದಕ್ಕೆ ಇಷ್ಟೇ. ಹಿಡಿಯನ್ನು ಎದೆಯ ಕಡೆಗೆ ಎಳೆದರೆ ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಮೇಲೆ ಬಂದು ಗ್ಲಾಸಿಗೆ ಬೀಳಬೇಕು. ಹಿಂದಿನಿಂದ ಗ್ಯಾಸು ತಳ್ಳುವುದಿಲ್ಲ, ಮೋಟರು ಇಲ್ಲ, ಮನುಷ್ಯನ ತೋಳೇ ಎಳೆಯಬೇಕು. ನಮ್ಮ ಬೀದಿಯ ಬೋರಿಂಗಿನ ಹಾಗೆ.

ನಮ್ಮ ಯಜಮಾನರು ಅದನ್ನು ಇಂಗ್ಲೆಂಡಿನಲ್ಲಿ ನೋಡಿ ಮರುಳಾಗಿ ಬಂದಿದ್ದರು. ಎಂಬತ್ತರ ದಶಕ. ಬೆಂಗಳೂರಿನಲ್ಲಿ ಪಬ್ಬು ಅನ್ನುವ ಮಾತು ಆಗಷ್ಟೇ ಕಿವಿಗೆ ಬೀಳುತ್ತಿತ್ತು. ಚಾಮರಾಜಪೇಟೆಯಲ್ಲಿ, ಅಕ್ಕಿಪೇಟೆಗೆ ಹೋಗುವ ಕಡೆ, ಅವರ ಮನೆತನದ ಹಳೆಯ ಅಕ್ಕಿ ಮಂಡಿಯಿತ್ತು. ಮಂಡಿ ಮುಚ್ಚಿದ ಮೇಲೆ ಅದನ್ನೇ ಬಾರ್ ಮಾಡಿದ್ದರು. ಕಲ್ಲಿನ ಕಟ್ಟಡ, ಕೆಳಗೆ ಹಿಂದೆ ಮೂಟೆ ಪೇರಿಸುತ್ತಿದ್ದ ನೆಲಮಾಳಿಗೆ. ನಾನು ಆ ಬಾರಿನ ಹಿಂಬದಿಯ ಸ್ಟೋರಿನಲ್ಲಿ ವರ್ಷಗಟ್ಟಲೆ ಸವೆದವನು. ಐಸ್ ಒಡೆಯುವುದು, ಸೋಡಾ ಮಿಷನ್ನು ಕೆಟ್ಟರೆ ಬಿಚ್ಚುವುದು, ಕಿಟಕಿಯಲ್ಲಿ ಬಾಟ್ಲಿ ಕೊಡುವುದು. ಗಿರಾಕಿಗೆ ನನ್ನ ಕೈ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದ ವಾರವೇ ಯಜಮಾನರು ಹೆಗಲ ಮೇಲೆ ಕೈ ಹಾಕಿ ಹೇಳಿದ್ದರು:

"ಪಂಪು ಬರ್ಲಿ ಕಣಯ್ಯ, ನಿನ್ನ ಮುಂದಕ್ಕೆ ತರ್ತೀನಿ. ಹಿಡಿ ನಿಂದೇ."

ನಾನು ಅದೇ ಸಂಜೆ ಗವಿಪುರಂನ ಮನೆಗೆ ಹೋಗಿ ಹೆಂಡತಿಗೆ ಹೇಳಿಬಿಟ್ಟೆ. ಅವಳು ವಠಾರಕ್ಕೆಲ್ಲ ಹೇಳಿದಳು. "ನಮ್ಮನೇವ್ರು ಇನ್ಮೇಲೆ ಕೌಂಟರಲ್ಲಿ ನಿಲ್ತಾರಂತೆ, ಟೈ ಕಟ್ಕೊಂಡು." ಟೈಯ ವಿಷಯ ಅವಳದೇ ಸೇರ್ಪಡೆ.

ಪಂಪಿನ ಹಿಂದೆಯೇ ಅವನು ಬಂದ.

ಮಲ್ಲೇಶ್ವರಂನವನು. ನನಗಿಂತ ಚಿಕ್ಕವನು, ನನಗಿಂತ ಎತ್ತರ, ನನಗಿಂತ ಬೆಳ್ಳಗೆ. ಲಂಡನ್ನಿನ ಒಂದು ಪಬ್ಬಿನಲ್ಲಿ ಪೀಪಾಯಿ ನೋಡಿಕೊಂಡು, ಹಿಡಿ ಎಳೆದುಕೊಂಡು ಇದ್ದವನಂತೆ. ತಾಯಿಗೆ ಹುಷಾರಿಲ್ಲವೆಂದು ವಾಪಸು ಬಂದಿದ್ದ. ಮೊದಲ ದಿನವೇ ಬಾರಿನವರೆಲ್ಲ ಅವನನ್ನು ಲಂಡನ್ ಎಂದು ಕರೆಯತೊಡಗಿದರು. ಯಜಮಾನರು ನನ್ನನ್ನು ಕರೆದು, ನನ್ನ ಕಣ್ಣು ತಪ್ಪಿಸಿ, "ಇವ್ರಿಗೆ ಗೊತ್ತಿರೋ ಕೆಲಸ ಕಣಯ್ಯ. ನೀನು ಕೆಳಗೆ ಇವ್ರಿಗೆ ಸಹಾಯ ಮಾಡು" ಅಂದರು. ನನಗೆ ನೀನು, ನಿನ್ನೆ ಬಂದವನಿಗೆ ಇವರು! ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸುಳ್ಳು ಯಾಕೆ ಹೇಳಲಿ, ಅದು ಆಮೇಲೆ ಆರಲೂ ಇಲ್ಲ.

ಅವನು ಕೆಟ್ಟವನಾಗಿದ್ದರೆ ಎಷ್ಟು ಸುಖವಿತ್ತು! "ಗುರು, ಬಾ, ನೋಡು" ಅಂತ ಎಲ್ಲವನ್ನೂ ತೋರಿಸಿಕೊಟ್ಟ. ಈ ಬಿಯರ್ ಬಾಟ್ಲಿ ಬಿಯರಿನಂತೆ ಸೋಸಿ, ಕಾಯಿಸಿ ಕೊಂದದ್ದಲ್ಲ. ಪೀಪಾಯಿಗೆ ತುಂಬಿದ ಮೇಲೂ ಒಳಗೆ ಹುದುಗುತ್ತಲೇ ಇರುತ್ತದೆ. ದೋಸೆ ಹಿಟ್ಟು ಉಬ್ಬುತ್ತದಲ್ಲ, ಅದೇ. ಪೀಪಾಯಿಯನ್ನು ಮರದ ಅಡ್ಡಣಿಗೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಬೇಕು, ಅಲುಗಾಡದಂತೆ ಎರಡೂ ಕಡೆ ಚಕ್ಕೆ ಕೊಡಬೇಕು. ಬೆನ್ನಿನ ಮೇಲೊಂದು ತೂತು. ಆ ತೂತಿಗೆ ಮೊದಲು ಉಸಿರಾಡುವ ಮೆತ್ತನೆಯ ಬೆಣೆ ಹೊಡೆಯಬೇಕು. ಅದರ ಸಂದಿನಿಂದ ಹೆಚ್ಚಿನ ಗ್ಯಾಸು ಬುಸುಬುಸು ಹೊರಗೆ ಬರುತ್ತದೆ. ಬುಸುಬುಸು ನಿಂತ ಮೇಲೆ ಅದನ್ನು ಕಿತ್ತು ಗಟ್ಟಿ ಮರದ ಬೆಣೆ ಹೊಡೆದು ಉಳಿದ ಗ್ಯಾಸನ್ನು ಒಳಗೇ ಹಿಡಿಯಬೇಕು. ಆಮೇಲೆ ಸುಮ್ಮನೆ ಬಿಡಬೇಕು. ಗಸಿಯೆಲ್ಲ ಹೊಟ್ಟೆಗೆ ಇಳಿದು ಮೇಲಿನದು ತಿಳಿಯಾಗುತ್ತದೆ. ಮುಂದಿನ ಮುಖಕ್ಕೆ ಸುತ್ತಿಗೆಯಿಂದ ನಲ್ಲಿ ಹೊಡೆದು, ಅಲ್ಲಿಂದ ಪಂಪಿಗೆ ಪೈಪು. ಹಿಡಿ ಎಳೆಯುವ ಹೊತ್ತಿಗೆ ಬೆನ್ನಿನ ಬೆಣೆ ಕಿತ್ತಿರಬೇಕು, ಇಲ್ಲದಿದ್ದರೆ ಗಾಳಿ ಹೋಗದೆ ಬಿಯರ್ ಬರುವುದಿಲ್ಲ.

"ಒಟ್ನಲ್ಲಿ ಪೀಪಾಯಿಗೆ ಉಸಿರು ಬೇಕು ಗುರು. ಯಾವಾಗ ಬಿಡ್ಬೇಕು, ಯಾವಾಗ ಹಿಡೀಬೇಕು, ಅಷ್ಟೇ ವಿದ್ಯೆ" ಅಂದ.

ಹಡಗಿನಲ್ಲಿ ಬಂದ ಪಂಪಿನೊಳಗೆ ಚರ್ಮದ ವಾಷರು ಒಣಗಿ ಬಿರುಕು ಬಿಟ್ಟಿತ್ತು. ಲಂಡನ್ ತಲೆ ಕೆರೆದುಕೊಂಡ. ನಾನು ಸೈಕಲ್ ಪಂಪಿನ ವಾಷರು ಮಾಡುವವನ ಹತ್ತಿರ ಹೋಗಿ, ಅಳತೆ ಕೊಟ್ಟು, ಬಟ್ಟಲಿನಾಕಾರದ ಹೊಸ ವಾಷರು ಮಾಡಿಸಿ, ಸೈಕಲ್ ಪಂಪಿಗೆ ಮಾಡುವ ಹಾಗೆಯೇ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ನೀರೆಳೆದು ನೋಡಿದೆವು, ಬೆಣ್ಣೆಯಂತೆ ಎಳೆಯಿತು. ಯಜಮಾನರು "ಭೇಷ್" ಅಂದರು. ನಾನು ಲಂಡನ್ನಿನ ಮುಖ ನೋಡಿದೆ. ಮಾರನೆಯ ದಿನ ಬಿಯರ್ ಎಳೆದರೆ ಒಂದು ಚೂರು ನೊರೆಯಿಲ್ಲ, ಮೇಲೆ ಬಣ್ಣಬಣ್ಣದ ಪೊರೆ. ಎಣ್ಣೆ ನೊರೆಯನ್ನು ತಿಂದುಹಾಕಿತ್ತು. ಲಂಡನ್ ಗ್ಲಾಸು ಮೂಸಿ, "ಗುರು, ನಮ್ಮಮ್ಮನ ಜಡೆ ವಾಸನೆ" ಅಂದ. ಎಲ್ಲರೂ ಬಿದ್ದುಬಿದ್ದು ನಕ್ಕರು. ಪಂಪನ್ನು ಪೂರ್ತಿ ಬಿಚ್ಚಿ, ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ತೊಳೆದು, ಬೇರೆ ವಾಷರನ್ನು ಬರೀ ನೀರಲ್ಲಿ ನೆನೆಸಿ ಹಾಕಿದೆ. ಅವನ ಮೇಲಿನ ಸಿಟ್ಟಿಗೆ ಬ್ರಷ್ಷಿನ ಕೂದಲೆಲ್ಲ ಉದುರಿದವು.

ಮೆತ್ತನೆಯ ಬೆಣೆಗಳು ಪಂಪಿನ ಜೊತೆ ಬಂದದ್ದು ಒಂದು ಹಿಡಿ, ಅವೂ ಬೂಷ್ಟು ಹಿಡಿದಿದ್ದವು. ನಾನು ಕುರ್ಚಿ ಹೆಣೆಯುವವರ ಹತ್ತಿರ ದಪ್ಪ ಬೆತ್ತ ತಂದು ಕುಯ್ದು, ತುದಿ ಚೂಪು ಮಾಡಿದೆ. ಬೆತ್ತದ ಉದ್ದಕ್ಕೂ ಸಣ್ಣ ಸಣ್ಣ ಕಣ್ಣುಗಳಿರುತ್ತವೆ, ಒಂದು ಕಡೆ ಊದಿದರೆ ಇನ್ನೊಂದು ಕಡೆ ಗಾಳಿ ಬರುತ್ತದೆ. ಅದು ಚೆನ್ನಾಗಿಯೇ ಉಸಿರಾಡಿತು. ಸೆಕೆ ತಡೆಯುವುದಕ್ಕೆ ಅಕ್ಕಿಪೇಟೆಯಿಂದ ಗೋಣಿಚೀಲ ತಂದು, ದಬ್ಬಳದಲ್ಲಿ ಎರಡೆರಡು ಸೇರಿಸಿ ಹೊಲಿದು, ನೆನೆಸಿ ಪೀಪಾಯಿಗೆ ಹೊದಿಸಿ ಮೇಲೆ ಐಸ್ ಇಟ್ಟೆ. ಬಿಯರ್ ತಣ್ಣಗಿರಬೇಕೇ ಹೊರತು ಕೊರೆಯಬಾರದು. ಕೊರೆದರೆ ತಿಳಿಯಾಗುವುದಿಲ್ಲ.

ಇಷ್ಟಾದರೂ ಪ್ರಯೋಗದ ಮೊದಲ ಪೀಪಾಯಿ ಕೆಟ್ಟಿತು. ಅವಸರ ಮಾಡಿದವನು ಲಂಡನ್. ಬಿಯರ್ ಕಾರ್ಖಾನೆಯಿಂದ ಲಾರಿಯಲ್ಲಿ ಕುಲುಕಿ ಬಂದದ್ದು ಇನ್ನೂ ಬುಸುಗುಡುತ್ತಿದ್ದಾಗಲೇ, ಯಜಮಾನರು ಬಂದರೆಂದು ಬೆಣೆಯನ್ನು ಒಮ್ಮೆಲೇ ಕಿತ್ತ. ನೊರೆ ಸೂರಿಗೆ ಹಾರಿತು. ಹೊಟ್ಟೆಯಲ್ಲಿದ್ದ ಗಸಿಯೆಲ್ಲ ಎದ್ದು ಕದಡಿತು. ಯಜಮಾನರು ಗ್ಲಾಸನ್ನು ಬೆಳಕಿಗೆ ಹಿಡಿದರು.

"ಇದೇನ್ರೀ, ಅಕ್ಕಚ್ಚು? ಅಕ್ಕಿ ತೊಳೆದ ನೀರು ಕುಡಿಯೋಕೆ ನನ್ನ ಬಾರಿಗೆ ಯಾಕ್ರೀ ಬರ್ತಾರೆ ಜನ?"

"ಎರಡು ದಿನ ಬಿಟ್ರೆ ತಿಳಿಯಾಗುತ್ತೆ ಸಾರ್" ಅಂದ ಲಂಡನ್.

"ವಿಜಯದಶಮಿ ಸಂಜೆಗೆ ಊರಿನ ದೊಡ್ಡವರನ್ನೆಲ್ಲ ಕರೆದಿದೀನಿ. ಎರಡು ದಿನ ಬಿಟ್ಟು ಬನ್ನಿ ಅಂತ ಹೇಳ್ಲಾ?" ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತೇನಾದ್ರೂ ಇದೇ ಕತೆ ಆದ್ರೆ, ಮಾರನೇ ದಿನದಿಂದ ನೀನು ನಿಂತ್ಕೋ ಮೇಲೆ. ಹಿಡಿ ನಿಂದು."

ಲಂಡನ್ ತಲೆ ತಗ್ಗಿಸಿದ. ನನ್ನ ಮನಸ್ಸಿನಲ್ಲಿ ಜಾಗಟೆ ಬಾರಿಸಿದಂತಾಯಿತು.

ಆ ಭಾನುವಾರ ಹೆಂಡತಿಯನ್ನು ವಿಶ್ವೇಶ್ವರಪುರಂಗೆ ತಿಂಡಿ ತಿನ್ನಲು ಕರೆದುಕೊಂಡು ಹೋಗಿದ್ದೆ. ಅಲ್ಲಿ ಲಂಡನ್ ಎದುರಾದ. ಇಸ್ತ್ರಿ ಮಾಡಿದ ಶರ್ಟು, ಹಿಂದಕ್ಕೆ ಬಾಚಿದ ಕೂದಲು. "ನಮಸ್ಕಾರ ಅತ್ತಿಗೆ. ಗುರು ಇಲ್ದಿದ್ರೆ ಆ ಪಂಪು ಒಂದ್ಲೋಟ ನೀರೂ ಎತ್ತುತ್ತಿರ್ಲಿಲ್ಲ" ಅಂದ. ಬೇಡ ಬೇಡ ಅಂದರೂ ಅವಳಿಗೊಂದು ಹೋಳಿಗೆ ಕೊಡಿಸಿದ. ಅವನು ಹೋದ ಮೇಲೆ ಅವಳು ಹೋಳಿಗೆ ಮುರಿಯುತ್ತಾ, "ಎಷ್ಟ್ ಚೆನ್ನಾಗ್ ಮಾತಾಡ್ತಾರೆ ರೀ! ಇವ್ರು ಕೆಳಗಡೆ ಇರ್ತಾರಾ?" ಅಂದಳು.

"ಇಲ್ಲ. ಕೆಳಗಡೆ ಇರೋನು ನಾನು."

ಅವಳು ತಿನ್ನುವುದನ್ನು ನಿಲ್ಲಿಸಿದಳು. "ಮತ್ತೆ ನೀವು ಹಿಡಿ..."

"ನೋಡೋಣ. ವಿಜಯದಶಮಿ ಆಗ್ಲಿ."

ಹಬ್ಬದ ಮುಂಚೆ ಎರಡು ಹೊಸ ಪೀಪಾಯಿ ಬಂದವು. ಈ ಸಲ ಲಂಡನ್ ಅವಸರ ಮಾಡಲಿಲ್ಲ. ಮಲಗಿಸಿ, ಚಕ್ಕೆ ಕೊಟ್ಟು, ನನ್ನ ಬೆತ್ತದ ಬೆಣೆ ಹೊಡೆದೆವು. ಆಯುಧಪೂಜೆಯ ಬೆಳಿಗ್ಗೆ ನಲ್ಲಿಯನ್ನೂ ಹೊಡೆದೆವು. ಬಿಯರ್ ಇನ್ನೂ ಚುರುಕಾಗಿತ್ತು. ಬೆತ್ತದ ತಲೆಯ ಮೇಲೆ ಸಣ್ಣ ಗುಳ್ಳೆ ಏಳುತ್ತಿತ್ತು. "ಸಂಜೆ ಹೊತ್ತಿಗೆ ಬುಸುಬುಸು ನಿಲ್ಲುತ್ತೆ, ಆಗ ಗಟ್ಟಿ ಬೆಣೆ ಹಾಕೋಣ" ಅಂದ ಲಂಡನ್.

ಮಧ್ಯಾಹ್ನ ಪೂಜೆ. ಯಜಮಾನರ ತಾಯಿ ಬಂದರು. ಮಂಡಿಯ ಕಾಲದಲ್ಲಿ ತಕ್ಕಡಿ, ಸೇರು, ಮೂಟೆ ಹೊಲಿಯುವ ದಬ್ಬಳಕ್ಕೆಲ್ಲ ಅವರೇ ಪೂಜೆ ಮಾಡುತ್ತಿದ್ದವರು, ಬಾರ್ ಆದ ಮೇಲೂ ಬಿಟ್ಟಿರಲಿಲ್ಲ. ಐಸ್ ಕುಟ್ಟುವ ಸುತ್ತಿಗೆ, ಬಾಟ್ಲಿ ತೆರೆಯುವ ಕೀಲಿ, ಸೋಡಾ ಮಿಷನ್ನು, ಪಂಪಿನ ಹಿಡಿ, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಆಮೇಲೆ ಗೋಡೆ ಹಿಡಿದುಕೊಂಡು ನೆಲಮಾಳಿಗೆಗೂ ಇಳಿದರು. ಗೋಣಿ ಹೊದ್ದು ಮಲಗಿದ ಪೀಪಾಯಿಗಳನ್ನು ನೋಡಿ, "ಪಾಪ, ಬಸುರಿ ಇದ್ದ ಹಾಗಿದಾವೆ" ಅಂದರು. ಹಣೆ ಯಾವುದೆಂದು ಹುಡುಕಿದರು. ಮೇಲೆ ಎದ್ದು ಕಾಣುತ್ತಿದ್ದದ್ದು ಬೆತ್ತದ ಬೆಣೆ. ಬಟ್ಟಲಿನ ಗಂಧವನ್ನು ಬೆರಳು ತುಂಬ ತೆಗೆದು ಎರಡಕ್ಕೂ ಮೆತ್ತಿ, ಕುಂಕುಮ ಒತ್ತಿ, ಅದರ ಮೇಲೊಂದು ಸೇವಂತಿಗೆ ಕೂರಿಸಿದರು.

ಲಂಡನ್ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದ.

"ನೋಡ್ರಪ್ಪ, ಪೂಜೆಗೆ ಕೂತಿದ್ದನ್ನ ಇವತ್ತು ಯಾರೂ ಮುಟ್ಬಾರ್ದು. ನಾಳೆ ಸಂಜೆ ನಾನೇ ಬಂದು ಮಂಗಳಾರತಿ ಮಾಡಿ ಎಬ್ಬಿಸ್ತೀನಿ. ಆಮೇಲೆ ನಿಮ್ಮ ನೊರೆ ನೀರು. ಗೊತ್ತಾಯ್ತಾ?"

"ಆಗ್ಲಿ ಅಮ್ಮ, ಮುಟ್ಟಲ್ಲ" ಅಂತ ಲಂಡನ್ ಮಾತು ಕೊಟ್ಟ. ಅವರು ಹೋದ ಮೇಲೆ ನನಗೆ, "ಗಟ್ಟಿ ಬೆಣೆ ಹಾಕ್ದಿದ್ರೆ ಸ್ವಲ್ಪ ಗ್ಯಾಸು ಜಾಸ್ತಿ ಹೋಗುತ್ತೆ ಅಷ್ಟೇ ಗುರು. ದೊಡ್ಡವರ ಮಾತು ಮೀರೋದು ಬೇಡ" ಅಂದ. ಗ್ಯಾಸು ಹೋಗುತ್ತದೆಂದು ಅವನು ನಂಬಿದ್ದ. ಅವನು ಇಂಗ್ಲೆಂಡಿನಲ್ಲಿ ನೋಡಿದ ಬೆಣೆಗೆ ಯಾರೂ ಗಂಧ ಹಚ್ಚಿರಲಿಲ್ಲವಲ್ಲ. ಆ ಕ್ಷಣ ನನಗೂ ಹೊಳೆಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಐಸ್ ಇಡುವುದಕ್ಕೆ ನಾನೊಬ್ಬನೇ ಇಳಿದೆ. ನೆಲಮಾಳಿಗೆ ತೀರಾ ಸುಮ್ಮನಿತ್ತು. ಪೀಪಾಯಿಗೆ ಕಿವಿ ಕೊಟ್ಟೆ, ಬುಸುಬುಸು ಇಲ್ಲ. ಹುದುಗುವುದು ನಿಂತಿತೇನೋ ಅಂದುಕೊಂಡು ಮುಂದೆ ಬಂದರೆ ನಲ್ಲಿಯ ಸುತ್ತ ಬಿಯರ್ ಜಿನುಗುತ್ತಿತ್ತು, ಹನಿ ಹನಿಯಾಗಿ ಅಲ್ಲ, ಸಣ್ಣಗೆ ಚಿಮ್ಮುತ್ತಾ. ಒಳಗೆ ಒತ್ತಡ ಏರಿತ್ತು. ಬೆಣೆ ನೋಡಿದೆ. ನೊರೆಯಲ್ಲಿ ಕಲಸಿದ ಗಂಧ ರಾತ್ರಿಯೆಲ್ಲ ಒಣಗಿ ಗಾರೆಯಾಗಿ ಬೆತ್ತದ ಕಣ್ಣುಗಳನ್ನೆಲ್ಲ ಮುಚ್ಚಿತ್ತು. ಇನ್ನೊಂದು ಪೀಪಾಯಿಯದೂ ಅದೇ ಕತೆ.

ಎಲ್ಲ ಒಟ್ಟಿಗೆ ಅರ್ಥವಾಯಿತು. ಸಂಜೆ ಅಮ್ಮ ಮಂಗಳಾರತಿ ಎತ್ತುತ್ತಾರೆ. ಲಂಡನ್ ಟೈ ಸರಿ ಮಾಡಿಕೊಂಡು ಬಂದು ಬೆಣೆ ಕೀಳುತ್ತಾನೆ. ಸೂರಿಗೆ ನೊರೆ. ಮೇಲೆ ಊರಿನ ದೊಡ್ಡವರ ಗ್ಲಾಸಿಗೆ ಅಕ್ಕಚ್ಚು. ನಾಳೆಯಿಂದ ಹಿಡಿ ನನ್ನದು.

ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಇದ್ದರೆ ಸಾಕಿತ್ತು. ಮುಟ್ಟಬಾರದೆಂದು ದೊಡ್ಡವರೇ ಹೇಳಿದ್ದಾರೆ, ಮಾತು ಕೊಟ್ಟವನು ಅವನು, ನನಗೇನು? ಗೋಣಿಯ ಮೇಲೆ ಕೂತೆ. ಹಾಳಾಗಿ ಹೋಗಲಿ ಅಂದುಕೊಂಡೆ. ಅವನ ಇಸ್ತ್ರಿ ಶರ್ಟಿನ ಮೇಲೆ ನೊರೆ ಬೀಳುವುದು ಕಣ್ಣಿಗೆ ಕಟ್ಟಿತು, ಎಂಥ ಸಂತೋಷವಾಯಿತು ಅಂತೀರಿ! ಯಜಮಾನರು ಅವನಿಗೆ ಬೈಯುವುದು, ವಠಾರದಲ್ಲಿ ಹೆಂಡತಿ ತಲೆ ಎತ್ತಿ ಓಡಾಡುವುದು, ಎಲ್ಲ ಸಿನಿಮಾದ ಹಾಗೆ ಬಂತು.

ನಲ್ಲಿ ಮತ್ತೆ ಚಿಮ್ಮಿತು. ಬೆರಳಿನಿಂದ ಒರೆಸಿ ಮೂಸಿದೆ. ಬಾಳೆಹಣ್ಣಿನ, ಹೊಸ ಬ್ರೆಡ್ಡಿನ ಒಳ್ಳೆಯ ವಾಸನೆ. ಗ್ಲಾಸಿಗೆ ಒಂದಿಷ್ಟು ಬಿಟ್ಟು ಬಲ್ಬಿಗೆ ಹಿಡಿದೆ. ಕಬ್ಬಿಣದ ಬಾಣಲೆಯಲ್ಲಿ ಕಾಸಿದ ತುಪ್ಪದಂಥ ಬಣ್ಣ, ತಿಳಿ ಎಂದರೆ ತಿಳಿ. ಆಗ ನನಗೆ ಬೇರೆ ಥರದ ಸಿಟ್ಟು ಬಂತು. ಗೋಣಿ ಹೊದಿಸಿದವನು ನಾನು, ಐಸ್ ಹೊತ್ತವನು ನಾನು, ಆ ಬೆತ್ತ ನನ್ನದು. ಇಷ್ಟು ಚೆನ್ನಾಗಿ ಆದದ್ದು ನನ್ನ ಕೈಯಲ್ಲಿ. ಅವನ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ಬಿಯರನ್ನು ನಾನೇ ಕದಡಿಸಿಕೊಳ್ಳಲೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಥೂ ಅಂದುಕೊಂಡು ಎದ್ದೆ. ಅವನಿಗೋಸ್ಕರ ಎದ್ದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬೆಣೆ ಕೀಳುವ ಹಾಗಿಲ್ಲ, ಸಡಿಲಿಸುವ ಹಾಗೂ ಇಲ್ಲ. ಗಂಧ ಕೆರೆದರೆ ಒಮ್ಮೆಲೇ ದಾರಿ ತೆರೆದುಬಿಡಬಹುದು. ಸೇವಂತಿಗೆಗೆ ಕೈ ಮುಗಿದು ಪಕ್ಕಕ್ಕಿಟ್ಟೆ. ದಬ್ಬಳವನ್ನು ಬಿಸಿನೀರಲ್ಲಿ ಅದ್ದಿ, ಗಂಧದ ನಡುವೆ, ಬೆತ್ತದ ಒಂದು ಕಣ್ಣಿಗೆ ಸರಿಯಾಗಿ, ತಿರುಗಿಸುತ್ತಾ ತಿರುಗಿಸುತ್ತಾ ಇಳಿಸಿದೆ. ಮೊದಲು ಏನೂ ಇಲ್ಲ. ಇನ್ನಷ್ಟು ಇಳಿಸಿದಾಗ ಸುಯ್ ಎಂದಿತು. ತಕ್ಷಣ ಒದ್ದೆ ಬಟ್ಟೆಯನ್ನು ಮೇಲೆ ಒತ್ತಿ ಹಿಡಿದೆ. ಜೋರಾಗಿ ಬಿಟ್ಟರೆ ಒಳಗೆ ಗುಳ್ಳೆ ಎದ್ದು ಗಸಿ ಮೇಲೆ ಬರುತ್ತದೆ. ಬಟ್ಟೆ ಸ್ವಲ್ಪ ಸಡಿಲಿಸುವುದು, ಸುಯ್ ಅಂದಕೂಡಲೇ ಒತ್ತುವುದು. ಆ ಪೀಪಾಯಿ ಸುಮ್ಮನಾಗಲು ಬಿಟ್ಟು ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ. ಅಲ್ಲಾಡಿಸದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಹಬ್ಬದೂಟಕ್ಕೆ ಮನೆಗೂ ಹೋಗಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ನಲ್ಲಿಯ ಚಿಮ್ಮಾಟ ನಿಂತಿತು. ಮೊದಲನೆಯದು ತಿಳಿಯಾಗಿಯೇ ಉಳಿದಿತ್ತು. ಎರಡನೆಯದು ಸ್ವಲ್ಪ ಮಬ್ಬು, ಇನ್ನೂ ಉಸಿರುಬಿಡುತ್ತಿತ್ತು. ಅದನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಹೂವನ್ನು ವಾಪಸು ಇಟ್ಟೆ.

ಸಂಜೆ ಮೇಲೆ ಗಲಾಟೆ ಶುರುವಾಯಿತು. ಅಮ್ಮ ಆರತಿ ತಟ್ಟೆ ಹಿಡಿದು ಇಳಿದರು, ಹಿಂದೆ ಲಂಡನ್. ಅವರು ಹೂವೆತ್ತಿದರು. ಗಂಧದ ನಡುವೆ ತೂತು ಕಂಡಿತು.

"ಇದ್ಯಾರೋ ಚುಚ್ಚಿದ್ದು?"

"ನಾನೇ ಅಮ್ಮ" ಅಂದೆ. "ಗಂಧ ಒಣಗಿ ಇದ್ರ ಉಸಿರು ಕಟ್ಟಿತ್ತು. ಬಿಡಿಸ್ದೆ ಇದ್ದಿದ್ರೆ ಸಂಜೆ ಎಲ್ಲಾ ಕದಡಿಹೋಗ್ತಿತ್ತು. ತಪ್ಪಾಗಿದ್ರೆ ಬೈರಿ."

ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ಮಂಕುಗಳಾ! ಅದು ಉಸಿರಾಡೋ ಜಾಗ ಅಂತ ನೆನ್ನೇನೇ ಒಂದು ಮಾತು ಹೇಳಿದ್ರೆ ಪಕ್ಕಕ್ಕೆ ಹಚ್ತಿದ್ನಲ್ರೋ! ನಾನೇನು ಹುಲಿನಾ?"

ಲಂಡನ್ ತೂತನ್ನು ನೋಡಿದ, ನನ್ನ ಒದ್ದೆ ಬಟ್ಟೆ ನೋಡಿದ, ನಲ್ಲಿಯ ಕೆಳಗಿನ ಗ್ಲಾಸು ನೋಡಿದ. ಮುಖ ಬಿಳಿಚಿಕೊಂಡಿತು. ಸರಸರನೆ ಮೆಟ್ಟಿಲು ಹತ್ತಿ ಮೇಲೆ ಹೋದ.

ನಾನು ಮೊದಲ ಪೀಪಾಯಿಯ ಬೆಣೆ ಕಿತ್ತೆ. ಶಬ್ದವಿಲ್ಲದೆ ಬಂತು. ನಲ್ಲಿ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಪೈಪು ಜಗ್ಗಿತು, ಮೇಲೆ ಹಿಡಿ ಎಳೆದಿದ್ದರು. ಮತ್ತೆ ಜಗ್ಗಿತು. ಆಮೇಲೆ ಚಪ್ಪಾಳೆ. ಮಂಗಳಾರತಿಗೆ ಬಾ ಎಂದು ನಾನೇ ಹೇಳಿದ್ದ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದು ಮೇಲೆಲ್ಲೋ ಬಾಗಿಲ ಬಳಿ ನಿಂತಿದ್ದಳು. ಚಪ್ಪಾಳೆ ಯಾರಿಗೆಂದು ಅವಳು ನೋಡುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಸುಮ್ಮನೆ ಗಾದೆ ಮಾಡಿದ್ದಾರೆಯೇ?

ಅಷ್ಟರಲ್ಲಿ ಯಜಮಾನರೇ ಇಳಿದು ಬಂದರು, ಜೊತೆಯಲ್ಲಿ ಲಂಡನ್. ಯಜಮಾನರ ಕಣ್ಣಲ್ಲಿ ನೀರಿತ್ತು.

"ಎಲ್ಲಾ ಹೇಳಿದ್ರು ಕಣಯ್ಯ ಇವ್ರು. ಅಷ್ಟು ಜನದ ಎದುರಿಗೆ ಹೇಳಿದ್ರು. ನಾನು ಮಾಡಿದ್ದಲ್ಲ, ಕೆಳಗಿರೋನು ಉಳಿಸಿದ್ದು ಅಂತ."

"ಇವನು ಇಲ್ದಿದ್ರೆ ನನ್ನ ಮಾನ ಹೋಗ್ತಿತ್ತು ಸಾರ್" ಅಂದ ಲಂಡನ್. ಮನಸ್ಸಿನಿಂದಲೇ ಅಂದ. "ಪೀಪಾಯಿಯ ಮಾತು ಇವನಿಗೆ ಅರ್ಥ ಆದ ಹಾಗೆ ನಂಗೆ ಲಂಡನ್ನಲ್ಲೂ ಆಗ್ಲಿಲ್ಲ. ಇವನನ್ನ ಮಾತ್ರ ಇಲ್ಲಿಂದ ಕದಲಿಸ್ಬೇಡಿ ಸಾರ್."

"ಕದಲಿಸ್ತೀನಾ! ಹಿಡಿ ಎಳೆಯೋಕೆ ಯಾರಾದ್ರೂ ಸಿಗ್ತಾರೆ. ಇವನಂಥೋನು ಎಲ್ಲಿ ಸಿಗ್ತಾನೆ? ಇನ್ಮೇಲೆ ಈ ನೆಲಮಾಳಿಗೆ ಪೂರ್ತಿ ನಿಂದೇ ಕಣಯ್ಯ" ಅಂತ ಯಜಮಾನರು ನನ್ನ ಎರಡೂ ಕೈ ಹಿಡಿದುಕೊಂಡರು.

ನಾನು "ಆಗ್ಲಿ ಸಾರ್" ಅಂದೆ. ಇನ್ನೇನು ಹೇಳಲಿ? ಅವರು ಹೋದರು. ಲಂಡನ್ ಮೆಟ್ಟಿಲ ಬಳಿ ನಿಂತ.

"ಗುರು, ಬಾ. ಅತ್ತಿಗೆ ನಿಂತಿದಾರೆ. ಒಂದೇ ಒಂದ್ಸಲ ನೀನೂ ಎಳಿ, ಅವ್ರು ನೋಡ್ಲಿ."

ಎರಡನೆಯ ಪೀಪಾಯಿಯ ಮೇಲೆ ನನ್ನ ಕೈಯಿತ್ತು. ಬಟ್ಟೆಯ ಕೆಳಗೆ ಅದು ಇನ್ನೂ ಉಸಿರುಬಿಡುತ್ತಿತ್ತು. ಮೊದಲನೆಯದು ಖಾಲಿಯಾಗುವಷ್ಟರಲ್ಲಿ ಇದು ತಯಾರಾಗಬೇಕು. ಕೈ ತೆಗೆದು ನಾನು ಮೇಲೆ ಹೋಗಿ ಒಂದು ಸಲ ಎಳೆದು ಬರುವಷ್ಟರಲ್ಲಿ ಇದು ಕದಡಿದರೆ? "ನೀನ್ ಹೋಗು. ಗಿರಾಕಿಗಳು ಕಾಯ್ತಿದಾರೆ" ಅಂದೆ.

ಅವನು ಹೋದ. ಪೈಪು ಮತ್ತೆ ಜಗ್ಗತೊಡಗಿತು. ಆ ಸಂಜೆ ಮನೆಗೆ ನಡೆಯುತ್ತಾ ಹೆಂಡತಿ, "ನಿಮ್ಮ ಹೆಸರು ಹೇಳಿ ಎಲ್ರೂ ಹೊಗಳಿದ್ರು ರೀ. ಎಂಥ ದೊಡ್ಡ ಮನಸ್ಸು ಅವ್ರದ್ದು, ಬೇರೆಯೋರಾಗಿದ್ರೆ ಬಾಯೇ ಬಿಡ್ತಿರ್ಲಿಲ್ಲ" ಅಂದಳು. ನನ್ನ ಹೊಗಳಿಕೆಯಲ್ಲೂ ದೊಡ್ಡ ಮನಸ್ಸು ಅವನದೇ ಆಯಿತು. ಹೌದು, ಅವನು ಒಳ್ಳೆಯವನೇ, ನಾನೂ ಒಪ್ಪುತ್ತೇನೆ. ಆದರೆ ಆ ಬಾರ್ ಇರುವವರೆಗೂ ಆ ಹಿಡಿ ಅವನ ಕೈಯಲ್ಲೇ ಇತ್ತು, ಮತ್ತು ಅದನ್ನು ಅವನ ಕೈಯಲ್ಲಿ ಉಳಿಸಿದವನು ನಾನು.